ವ್ಯಾಖ್ಯೆ ಓದಿದೆವು, ಅನುಸೂಚಿ ಓದಲಿಲ್ಲ

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ವಕೀಲರ ಸಂಘಗಳಲ್ಲಿ, ಠಾಣೆಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಾಡಿದ ಕಾಗದವೆಂದರೆ ಹಳೆ ಕಲಮಿಗೆ ಹೊಸ ಕಲಂ ಜೋಡಿಸಿದ ಪಟ್ಟಿ. 302 ಹೋಗಿ 103 ಬಂತು, 420 ಹೋಗಿ 318(4) ಬಂತು. ನಂಬರು ಬಾಯಿಪಾಠವಾದರೆ ಕಾನೂನು ಕಲಿತಂತೆ ಎಂಬ ನಿರಾಳ ಎಲ್ಲರಲ್ಲೂ. ಅದೇ ಹೊತ್ತಿಗೆ ಟಿವಿ ಚರ್ಚೆಗಳಲ್ಲಿ ಹಳೆಯ ಮಾತೇ ಮತ್ತೆ ಕೇಳುತ್ತಿತ್ತು: ‘ನಾನ್ ಬೇಲಬಲ್ ಸೆಕ್ಷನ್ ಹಾಕಿದ್ದಾರೆ, ಇನ್ನು ಜಾಮೀನೇ ಇಲ್ಲ.’ ಜಾಮೀನೀಯ ಅಪರಾಧದಲ್ಲಿ ಜಾಮೀನು ಆರೋಪಿಯ ಹಕ್ಕು; ಜಾಮೀನುರಹಿತ ಎಂದು ಕರೆಯುವ ಅಪರಾಧದಲ್ಲಿ ಅದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ಕೊಲೆ ಆರೋಪಿಗೂ ಜಾಮೀನು ಸಿಗುತ್ತದೆ, ದಿನಾ ಸಿಗುತ್ತಿದೆ.

ಈ ಎರಡೂ ಅರೆತಿಳಿವಳಿಕೆಯ ಬೇರು ಒಂದೇ ಕಡೆ ಇದೆ. ಯಾವ ಕೃತ್ಯ ಯಾವ ಅಪರಾಧ ಎಂದು ಹೇಳುವುದು ದಂಡ ಸಂಹಿತೆ. ಆ ಅಪರಾಧ ನಡೆದರೆ ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದೇ, ಜಾಮೀನು ಹಕ್ಕೇ, ವಿಚಾರಣೆ ಯಾವ ನ್ಯಾಯಾಲಯದಲ್ಲಿ ಎಂಬುದನ್ನು ಹೇಳುವುದು ಪ್ರಕ್ರಿಯಾ ಸಂಹಿತೆಯ ಮೊದಲನೆಯ ಅನುಸೂಚಿ, ಆರು ಕಾಲಮಿನ ಒಂದು ಕೋಷ್ಟಕ. ಮೊದಲನೆಯದರ ಬಗ್ಗೆ ನಮ್ಮಲ್ಲಿ ಗ್ರಂಥರಾಶಿಯೇ ಇದೆ. ಎರಡನೆಯದಕ್ಕೆ ಚರಿತ್ರಕಾರನೇ ಹುಟ್ಟಿಲ್ಲ.

ಹಳೆಯ ಕಾಲವನ್ನು ಬೇಗ ದಾಟೋಣ. ಕೌಟಿಲ್ಯ ಧರ್ಮಸ್ಥೀಯ, ಕಂಟಕಶೋಧನ ಎಂಬ ಎರಡು ಅಧಿಕರಣಗಳಲ್ಲಿ ವಿಷಯವನ್ನು ಹಂಚಿದ. ಸ್ಮೃತಿಕಾರರ ಹದಿನೆಂಟು ವ್ಯವಹಾರಪದಗಳಲ್ಲಿ ವಾಕ್ಪಾರುಷ್ಯ, ದಂಡಪಾರುಷ್ಯ, ಸ್ತೇಯ, ಸಾಹಸಗಳು ಸಾಲದ ವ್ಯಾಜ್ಯದ ಪಕ್ಕದಲ್ಲೇ ಕೂತಿವೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರವನ್ನು ನಾವು ಆಸ್ತಿ ಪಾಲಿಗೆ ಮಾತ್ರ ನೆನೆಯುತ್ತೇವೆ. ಬೈಗುಳ, ಹಲ್ಲೆ, ಕಳವು, ಹಿಂಸಾಕೃತ್ಯಗಳೆಂಬ ಈ ಅಪರಾಧಗಳ ಚರ್ಚೆಯೂ ಅದರ ವ್ಯವಹಾರಾಧ್ಯಾಯದಲ್ಲಿದೆ. ವರ್ಣಕ್ಕೊಂದು ದಂಡ ಎಂಬುದೂ ಆ ಸ್ಮೃತಿಗಳಲ್ಲೇ ಇದೆ. ಪ್ರಾಚೀನ ನ್ಯಾಯವನ್ನು ವೇದಿಕೆಯಲ್ಲಿ ಹೊಗಳುವವರು ಆ ಪುಟಗಳನ್ನು ತೆರೆದಂತೆ ಕಾಣುವುದಿಲ್ಲ. ಬಂಗಾಳದಲ್ಲಿ ಕಂಪನಿ ಸರ್ಕಾರ ಇಸ್ಲಾಮಿ ದಂಡನ್ಯಾಯವನ್ನು ಉಳಿಸಿಕೊಂಡು, ಸತ್ತವನ ವಾರಸುದಾರರು ಕೊಲೆಗಾರನನ್ನು ಕ್ಷಮಿಸುವಂಥ ನಿಯಮಗಳನ್ನು ರೆಗ್ಯುಲೇಷನ್‌ಗಳ ಮೂಲಕ ಕಿತ್ತುಹಾಕುತ್ತ ಬಂತು.

ಮೆಕಾಲೆಯ ಆಯೋಗ ನೇಮಕವಾದದ್ದು 1834ರಲ್ಲಿ, ದಂಡ ಸಂಹಿತೆಯ ಕರಡು ಸಿದ್ಧವಾದದ್ದು 1837ರಲ್ಲಿ. ಅದು ಎರಡು ದಶಕ ದೂಳು ತಿಂದಿತು. ಬಾರ್ನ್ಸ್ ಪೀಕಾಕ್ ತಿದ್ದಿದ ಮೇಲೆ 1860ರ ಅಕ್ಟೋಬರ್‌ನಲ್ಲಿ ಕಾಯ್ದೆಯಾಗಿ, 1862ರ ಜನವರಿ 1ರಂದು ಜಾರಿಗೆ ಬಂತು. ಮೆಕಾಲೆಯ ಶಿಕ್ಷಣ ಟಿಪ್ಪಣಿಯನ್ನು ಬೈಯುವುದು ಸುಲಭ, ಬೈಯಬೇಕಾದ್ದೂ ಹೌದು. ಆದರೆ ಕರಡು ಬರೆಯುವ ಕೈ ಅವನಿಗಿತ್ತು. ಸ್ವಾಧೀನದಲ್ಲಿರುವ ಚರಸ್ವತ್ತನ್ನು ಒಪ್ಪಿಗೆಯಿಲ್ಲದೆ ಅಪ್ರಾಮಾಣಿಕವಾಗಿ ಕದಲಿಸಿದರೆ ಕಳವು. ಹೆದರಿಸಿ, ಅವನೇ ಕೊಡುವಂತೆ ಮಾಡಿದರೆ ಸುಲಿಗೆ. ಕಳವಿಗೆ ಹಿಂಸೆಯೋ ಸುಲಿಗೆಗೆ ಎದುರಿನಲ್ಲೇ ನಿಂತು ತಕ್ಷಣದ ಜೀವಭಯವೋ ಸೇರಿದರೆ ದರೋಡೆ. ದರೋಡೆಗೆ ಐದು ಜನ ಕೂಡಿದರೆ ಡಕಾಯಿತಿ. ಒಂದರ ಮೇಲೊಂದು ಏರುವ ಈ ವ್ಯಾಖ್ಯೆಗಳನ್ನು 2023ರ ಸಂಹಿತೆಯೂ ಹೆಚ್ಚುಕಡಿಮೆ ಹಾಗೇ ಇಟ್ಟುಕೊಂಡಿದೆ. ವಸಾಹತುಶಾಹಿಯಿಂದ ಬಿಡುಗಡೆ ಎಂದು ಘೋಷಿಸಿದವರು ಈ ವ್ಯಾಖ್ಯೆಗಳನ್ನು ಮುಟ್ಟದೆ ಬಿಟ್ಟದ್ದು ಒಳ್ಳೆಯದೇ ಆಯಿತು.

ಮುಂದಿನ ನೂರು ವರ್ಷ ನಮ್ಮ ಪಂಡಿತರ ಗಮನವನ್ನೆಲ್ಲ ಹೀರಿಕೊಂಡದ್ದು 299 ಮತ್ತು 300ನೇ ಕಲಂಗಳು. ದಂಡನೀಯ ನರಹತ್ಯೆ ಯಾವಾಗ ಕೊಲೆಯಾಗುತ್ತದೆ? 1876ರ ಗೋವಿಂದ ಪ್ರಕರಣದಲ್ಲಿ ಹದಿನೆಂಟರ ಗಂಡ ಹದಿನೈದರ ಹೆಂಡತಿಯನ್ನು ಒದ್ದು ಕೆಡವಿ, ಎದೆಯ ಮೇಲೆ ಮೊಣಕಾಲೂರಿ ಮುಖಕ್ಕೆ ಗುದ್ದಿದ್ದ; ಮಿದುಳಿನಲ್ಲಿ ರಕ್ತಸ್ರಾವವಾಗಿ ಆಕೆ ಸತ್ತಳು. ಸಾವು ಸಂಭವನೀಯವಾಗಿತ್ತು, ಆದರೆ ಸಾಮಾನ್ಯವಾಗಿ ಸಾವು ತರುವಷ್ಟು ಗಾಯ ಮಾಡುವ ಉದ್ದೇಶವಿರಲಿಲ್ಲ ಎಂದು ಮುಂಬಯಿ ಹೈಕೋರ್ಟಿನ ಮೆಲ್ವಿಲ್ ಅದನ್ನು ಕೊಲೆಯಿಂದ ಕೆಳಗಿಳಿಸಿದರು. 1958ರ ವಿರ್ಸಾ ಸಿಂಗ್ ತೀರ್ಪಿನಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಭರ್ಜಿಯ ಒಂದೇ ಇರಿತವನ್ನು ಹಿಡಿದು, ಆ ಗಾಯವನ್ನೇ ಮಾಡುವ ಉದ್ದೇಶವಿತ್ತೇ, ಸಾಮಾನ್ಯ ಗತಿಯಲ್ಲಿ ಸಾವಿಗೆ ಅದು ಸಾಕೇ ಎಂಬ ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿಟ್ಟರು. ಎರಡನೆಯದು ವೈದ್ಯಕೀಯ ವಾಸ್ತವದ ಪ್ರಶ್ನೆ, ಆರೋಪಿಯ ಮನಸ್ಸಿನದ್ದಲ್ಲ. 1976ರ ಪುನ್ನಯ್ಯ ಪ್ರಕರಣದಲ್ಲಿ ನ್ಯಾಯಮೂರ್ತಿ ಸರ್ಕಾರಿಯಾ ನರಹತ್ಯೆಗೆ ಮೂರು ದರ್ಜೆ ಎಂದು ವಿವರಿಸಿದ ಮೇಲೆ ಸೆಷನ್ಸ್ ನ್ಯಾಯಾಧೀಶರಿಗೆ ಹಿಡಿದು ನಡೆಯಲು ಒಂದು ಗೋಡೆ ಸಿಕ್ಕಿತು. ನಡುವೆ ಬಂದ ನಾನಾವತಿ ಪ್ರಕರಣದಿಂದ ಸಿನಿಮಾಗಳಿಗೆ ಆದ ಲಾಭವೇ ಹೆಚ್ಚು.

ಇದೆಲ್ಲ ದೊಡ್ಡ ಕೆಲಸ, ನಾನೂ ಇದನ್ನೇ ತರಗತಿಯಲ್ಲಿ ಪಾಠ ಹೇಳಿದವನು. ಆದರೆ ಯಾವುದೇ ತಾಲ್ಲೂಕಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ದಿನದ ಪಟ್ಟಿ ನೋಡಿ. ಅಲ್ಲಿ ವಿರ್ಸಾ ಸಿಂಗ್ ಇರುವುದಿಲ್ಲ. ಕರ್ನಾಟಕದ ಕಿರಿಯ ವಕೀಲನೂ ನಿದ್ದೆಗಣ್ಣಿನಲ್ಲಿ ಹೇಳಬಲ್ಲ ಸಾಲೊಂದಿತ್ತು: 323, 324, 504, 506, ಜೊತೆಗೆ 34. ಈಗ ಅದೇ 115(2), 118(1), 352, 351, ಜೊತೆಗೆ 3(5). ಹೊಲದ ಬದು, ನೀರಿನ ಸರದಿ, ಗಣಪತಿ ಮೆರವಣಿಗೆ, ಕಾರಣ ಯಾವುದಾದರೂ ಸರಿ, ಹೊಡೆದಾಟ ಈ ಸಾಲಿಗೇ ಬಂದು ಬೀಳುತ್ತದೆ. ಕೈಯಿಂದ ಹೊಡೆದು ಸಾಧಾರಣ ಗಾಯವಾಗಿದ್ದರೆ ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ಫಿರ್ಯಾದಿಗೆ ಎನ್‌ಸಿ ಹಿಂಬರಹ ಕೊಟ್ಟು ಕಳಿಸುತ್ತಾರೆ. ಅದೇ ಹೊಡೆತಕ್ಕೆ ಕುಡುಗೋಲೋ ರಾಡೋ ಸೇರಿದರೆ ಸಂಜ್ಞೇಯ. ಎಫ್‌ಐಆರ್, ಬಂಧನ, ದೋಷಾರೋಪಣ ಪಟ್ಟಿ. ಹಲವು ಅಪರಾಧಗಳಲ್ಲಿ ಒಂದು ಸಂಜ್ಞೇಯವಾಗಿದ್ದರೂ ಇಡೀ ಪ್ರಕರಣ ಸಂಜ್ಞೇಯ ಎಂಬ ನಿಯಮ ಬೇರೆ ಇದೆ. ಹಾಗಾಗಿ ದೂರಿನಲ್ಲಿ ದೊಣ್ಣೆ ಹುಟ್ಟಿಕೊಳ್ಳುವುದೋ ಮಾಯವಾಗುವುದೋ ಠಾಣೆಯ ಮೇಜಿನ ಮುಂದೆ ತೀರ್ಮಾನವಾಗುತ್ತದೆ. ವ್ಯಾಖ್ಯೆ ಅಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ, ಅನುಸೂಚಿ ಎಲ್ಲರ ತಲೆಯಲ್ಲೂ ಇರುತ್ತದೆ.

ಈ ಕೋಷ್ಟಕ 1861ರ ಮೊದಲ ಪ್ರಕ್ರಿಯಾ ಸಂಹಿತೆಯ ಕಾಲದ್ದು. ಪೊಲೀಸ್ ಕಾಯ್ದೆಯೂ ಅದೇ ವರ್ಷದ್ದು. ಸಿಪಾಯಿ ದಂಗೆಯ ನೆನಪು ಹಸಿಯಾಗಿದ್ದ ಆಡಳಿತಕ್ಕೆ ಯಾರನ್ನು ವಾರಂಟ್ ಇಲ್ಲದೆ ಹಿಡಿಯಬಹುದು ಎಂಬುದು ತುರ್ತಿನ ಪ್ರಶ್ನೆಯಾಗಿತ್ತು. 1872, 1882, 1898, ಕೊನೆಗೆ 1973ರ ಸಂಹಿತೆಗಳು ಸಾಲುಗಳನ್ನು ತಿದ್ದಿದವೇ ಹೊರತು ಯಾವ ತತ್ತ್ವದ ಮೇಲೆ ವಿಂಗಡಿಸಿದ್ದೆಂದು ಹೇಳಲಿಲ್ಲ. ನಿರ್ಲಕ್ಷ್ಯದಿಂದ ಗಾಡಿ ಓಡಿಸಿ ಒಬ್ಬನನ್ನು ಕೊಂದ ಹಳೆಯ 304ಎ ಜಾಮೀನೀಯವಾಗಿತ್ತು. ಹಳೆ ಸೈಕಲ್ ಕದ್ದ 379 ಜಾಮೀನುರಹಿತವಾಗಿತ್ತು. ಮೊದಲ ಹೆಂಡತಿ ಇರುವಾಗ ಇನ್ನೊಂದು ಮದುವೆಯಾಗುವುದಕ್ಕೆ ಏಳು ವರ್ಷದವರೆಗೆ ಶಿಕ್ಷೆ, ಆದರೂ ಅದು ಅಸಂಜ್ಞೇಯ. ಆಸ್ತಿಯ ಮೇಲಿನ ಅಪರಾಧವನ್ನು ಸರ್ಕಾರ ತನ್ನದೆಂದುಕೊಂಡಿತು, ಮನೆಯೊಳಗಿನ ಹೆಣ್ಣಿನ ಮೇಲಿನದನ್ನು ಅವಳ ಪಾಡಿಗೆ ಬಿಟ್ಟಿತು ಎಂದು ಓದಿಕೊಳ್ಳದೆ ಈ ಸಾಲುಗಳಿಗೆ ಅರ್ಥ ಹಚ್ಚುವುದು ಕಷ್ಟ.

ನಮ್ಮ ಪೀಳಿಗೆ ವಕೀಲಿಗೆ ಇಳಿದದ್ದು 1973ರ ಸಂಹಿತೆ ಹೊಸದಾಗಿದ್ದ ಕಾಲಕ್ಕೆ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1977ರ ಬಾಲಚಂದ್ ಆದೇಶದಲ್ಲಿ ಜೈಲಿಗಿಂತ ಜಾಮೀನೇ ನಿಯಮ ಎಂದದ್ದು, 1978ರ ಮೋತಿರಾಮ್ ಪ್ರಕರಣದಲ್ಲಿ ಬಡ ಗಾರೆ ಕೆಲಸದವನಿಗೆ ಕೇಳಿದ ಹತ್ತು ಸಾವಿರದ ಭದ್ರತೆಯನ್ನು ಕಟುವಾಗಿ ಟೀಕಿಸಿದ್ದು ನಮಗೆ ಉಸಿರು ಕೊಟ್ಟವು. ಆದರೂ ಅವು ಕೋಷ್ಟಕವನ್ನು ಮುಟ್ಟಲಿಲ್ಲ, ಅದರ ಅಂಚನ್ನು ಮೆತ್ತಗೆ ಮಾಡಿದವು ಅಷ್ಟೆ.

ಕೋಷ್ಟಕವನ್ನೇ ಪ್ರಶ್ನಿಸಿದವರು ಕನ್ನಡಿಗರು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಅಪರಾಧ ನ್ಯಾಯ ಸುಧಾರಣಾ ಸಮಿತಿ 2003ರಲ್ಲಿ ವರದಿ ಕೊಟ್ಟಿತು. ಸಂಶಯಾತೀತ ಸಾಕ್ಷ್ಯ ಬೇಕೆಂಬ ಮಾನದಂಡವನ್ನು ಸಡಿಲಿಸುವ ಸಲಹೆ, ಹಿರಿಯ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಒಪ್ಪುವ ಸಲಹೆ ಅದರಲ್ಲಿದ್ದವು. ಮಾನವ ಹಕ್ಕುಗಳ ವಲಯ ಸಿಡಿದೆದ್ದಿತು, ಏಳಬೇಕಾದ್ದೇ. ಆದರೆ ಆ ಗದ್ದಲದಲ್ಲಿ ಅದೇ ವರದಿಯ ಇನ್ನೊಂದು ಭಾಗ ಮುಳುಗಿಹೋಯಿತು. ಸಂಜ್ಞೇಯ, ಅಸಂಜ್ಞೇಯ ಎಂಬ ಭೇದ ತನಿಖೆಯ ಮಟ್ಟಿಗೆ ಇರಬಾರದು, ದೂರು ಬಂದ ಎಲ್ಲ ಅಪರಾಧಗಳನ್ನೂ ಪೊಲೀಸರು ತನಿಖೆ ಮಾಡಲೇಬೇಕು ಎಂದು ಸಮಿತಿ ಹೇಳಿತ್ತು. ಅಪರಾಧಗಳನ್ನು ಸಮಾಜ ಕಲ್ಯಾಣ, ತಿದ್ದುಪಡಿ, ದಂಡ, ಆರ್ಥಿಕ ಎಂದು ನಾಲ್ಕು ಸಂಹಿತೆಗಳಾಗಿ ಒಡೆಯಬೇಕೆಂದೂ ಸೂಚಿಸಿತ್ತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಕಟ್ಟಿದ ಎನ್.ಆರ್. ಮಾಧವ ಮೆನನ್ ಆ ಸಮಿತಿಯಲ್ಲಿದ್ದರು. 2007ರಲ್ಲಿ ಅವರೇ ಮುಂದಾಳಾಗಿ ತಯಾರಿಸಿದ ಅಪರಾಧ ನ್ಯಾಯದ ರಾಷ್ಟ್ರೀಯ ನೀತಿಯ ಕರಡಿನಲ್ಲೂ ನಾಲ್ಕು ಸಂಹಿತೆಗಳ ವಿಚಾರ ಮತ್ತೆ ಬಂತು. ಬಂಧನಕ್ಕೂ ತನಿಖೆಗೂ ಇರುವ ಗಂಟನ್ನು ಬಿಚ್ಚಬಹುದಾಗಿದ್ದ ಪ್ರಯತ್ನ ಇದೊಂದೇ ಎಂಬುದು ನನ್ನ ಎಣಿಕೆ. ಬಂಧಿಸದೆ ತನಿಖೆ ಮಾಡಬಹುದು ಎಂಬ ಸರಳ ವಿಚಾರಕ್ಕೆ ನಮ್ಮ ಕೋಷ್ಟಕದಲ್ಲಿ ಬೇರೆ ಕಾಲಮೇ ಇಲ್ಲ.

ಆ ಕೆಲಸವನ್ನು ಶಾಸಕಾಂಗ ಮಾಡಲಿಲ್ಲವೆಂದು ಸುಪ್ರೀಂ ಕೋರ್ಟ್ ತುಂಡುತುಂಡಾಗಿ ಮಾಡಿತು. 2013ರ ಲಲಿತಾ ಕುಮಾರಿ ತೀರ್ಪು ಸಂಜ್ಞೇಯ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದಿತು. 2014ರ ಅರ್ನೇಶ್ ಕುಮಾರ್ ತೀರ್ಪು ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬೇಡಿ ಎಂದಿತು. 2021ರಲ್ಲಿ ಸತೇಂದ್ರ ಕುಮಾರ್ ಅಂತಿಲ್ ಪ್ರಕರಣದ ಆದೇಶ ಜಾಮೀನಿಗಾಗಿಯೇ ಅಪರಾಧಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿತು. ಸಂಸತ್ತಿನ ಕೋಷ್ಟಕದ ಮೇಲೆ ನ್ಯಾಯಾಲಯದ ಕೋಷ್ಟಕ ಕೂತಿತು. ಠಾಣಾಧಿಕಾರಿ ಯಾವುದನ್ನು ನೋಡಬೇಕು?

ಹೊಸ ಸಂಹಿತೆಗಳಲ್ಲಿ ಸುದ್ದಿಯಾದವು ಸಂಘಟಿತ ಅಪರಾಧದ 111, ಭಯೋತ್ಪಾದಕ ಕೃತ್ಯದ 113, ಗುಂಪು ಹತ್ಯೆಯ 103(2). ಸುದ್ದಿಯಾಗದ್ದು ಅನುಸೂಚಿಯಲ್ಲಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಮೌಲ್ಯದ ಕಳವಿಗೆ, ಮೊದಲ ಸಲ ತಪ್ಪಿತಸ್ಥನಾದವನು ಮಾಲು ಹಿಂದಿರುಗಿಸಿದರೆ ಸಮುದಾಯ ಸೇವೆ ಎಂದು ನ್ಯಾಯ ಸಂಹಿತೆ ಹೇಳುತ್ತದೆ, ಮಾನವೀಯ ಯೋಚನೆ. ಆದರೆ ಹೊಸ ಪ್ರಕ್ರಿಯಾ ಸಂಹಿತೆಯಾದ ನಾಗರಿಕ ಸುರಕ್ಷಾ ಸಂಹಿತೆಯ ಅನುಸೂಚಿ ಅದಕ್ಕೆ ಪ್ರತ್ಯೇಕ ಸಾಲು ಮಾಡಿ ‘ಅಸಂಜ್ಞೇಯ’ ಎಂದು ಬರೆದಿದೆ. ಕಳ್ಳ ಯಾರು, ಅವನಿಗೆ ಇದು ಮೊದಲನೆಯದೇ, ಮಾಲು ಹಿಂದಿರುಗಿಸುತ್ತಾನೆಯೇ ಎಂಬುದು ದೂರಿನ ದಿನ ಯಾರಿಗೂ ಗೊತ್ತಿರುವುದಿಲ್ಲ. ಕಾಣುವುದು ಮೌಲ್ಯ ಮಾತ್ರ. ಕೋಳಿ, ಹಳೆ ಮೊಬೈಲು, ಪಂಪ್‌ಸೆಟ್ಟಿನ ಕೇಬಲ್ ಕಳೆದುಕೊಂಡವರಿಗೆ ಹಿಂಬರಹ ಕೊಟ್ಟು ಕಳಿಸಲು ಠಾಣೆಗೆ ಇಷ್ಟು ಸಾಕು. ಜೊತೆಗೆ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಎಫ್‌ಐಆರ್‌ಗೆ ಮೊದಲು ಹದಿನಾಲ್ಕು ದಿನದ ಪ್ರಾಥಮಿಕ ವಿಚಾರಣೆಗೆ ಅದೇ ಸುರಕ್ಷಾ ಸಂಹಿತೆಯ 173(3) ಅವಕಾಶ ಕೊಟ್ಟಿದೆ. ಲಲಿತಾ ಕುಮಾರಿ ಮುಚ್ಚಿದ ಬಾಗಿಲಿನ ಅರ್ಧ ಮತ್ತೆ ತೆರೆಯಿತು.

ಅನುಸೂಚಿಯ ಎರಡನೆಯ ಭಾಗದ ಕಥೆ ಇನ್ನೂ ವಿಚಿತ್ರ. ವಿಶೇಷ ಕಾಯ್ದೆಗಳು ಏನೂ ಹೇಳದಿದ್ದಾಗ ಅನ್ವಯಿಸುವ ಮೂರು ಸಾಲುಗಳು ಅಲ್ಲಿವೆ: ಮೂರು ವರ್ಷಕ್ಕಿಂತ ಕಡಿಮೆಯಾದರೆ ಅಸಂಜ್ಞೇಯ, ಜಾಮೀನೀಯ; ಮೂರು ವರ್ಷ ಮುಟ್ಟಿದರೆ ಎರಡೂ ತಿರುಗುಮುರುಗು. ಹಾಗಾದರೆ ‘ಮೂರು ವರ್ಷದವರೆಗೆ’ ಶಿಕ್ಷೆಯಿರುವ ಕಾಪಿರೈಟ್ ಉಲ್ಲಂಘನೆ ಯಾವ ಕಡೆ? ಹೈಕೋರ್ಟ್‌ಗಳು ವರ್ಷಗಟ್ಟಲೆ ಭಿನ್ನಾಭಿಪ್ರಾಯದಲ್ಲಿದ್ದು, 2022ರ ನಿಟ್ ಪ್ರೊ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂಜ್ಞೇಯ, ಜಾಮೀನುರಹಿತ ಎಂದಿತು. 1957ರ ಕಾಯ್ದೆಯೊಂದರ ಅಪರಾಧ ಎಂಥದ್ದೆಂದು ತಿಳಿಯಲು ಅಷ್ಟು ಕಾಲ ಬೇಕಾಯಿತು.

ಇದರ ಮೇಲೆ ಕೆಲಸ ಮಾಡಿದವರು ಯಾರು? ರತನ್‌ಲಾಲ್-ಧೀರಜ್‌ಲಾಲ್ ಇಲ್ಲದ ವಕೀಲರ ಸಂಘ ಇಲ್ಲ, ಹರಿಸಿಂಗ್ ಗೌರ್ ಇಲ್ಲದ ಗ್ರಂಥಾಲಯ ಕಡಿಮೆ; ಅವೆಲ್ಲ ವ್ಯಾಖ್ಯೆಯ ಭಾಷ್ಯಗಳು. 1861ರಿಂದ 2023ರವರೆಗೆ ಯಾವ ಸಾಲು ಯಾವಾಗ, ಯಾರ ಒತ್ತಾಯದಿಂದ ಕಾಲಂ ಬದಲಿಸಿತು ಎಂದು ಹಿಂಬಾಲಿಸಿದ ಗ್ರಂಥವನ್ನು ನಾನು ಕಂಡಿಲ್ಲ. ಪರೀಕ್ಷೆಯಲ್ಲಿ ಅನುಸೂಚಿಯ ಪ್ರಶ್ನೆ ಬರುವುದಿಲ್ಲ, ಹಾಗಾಗಿ ಪಾಠವೂ ಇಲ್ಲ.

ನಮ್ಮದೇ ರಾಜ್ಯದಲ್ಲಿ ಮಟ್ಕಾ, ಇಸ್ಪೀಟು ಪ್ರಕರಣಗಳು ಅಸಂಜ್ಞೇಯವಾಗಿದ್ದವು. ಪೊಲೀಸರ ಕೋರಿಕೆಯ ಮೇಲೆ ಮ್ಯಾಜಿಸ್ಟ್ರೇಟರು ‘ಅನುಮತಿಸಿದೆ’ ಎಂದಷ್ಟೇ ಗೀಚಿದ್ದರೆ ಸಾಲದು, ಮನಸ್ಸಿಟ್ಟು ಪರಿಶೀಲಿಸಿದ್ದು ಕಾಣಬೇಕು ಎಂದು ಕರ್ನಾಟಕ ಹೈಕೋರ್ಟ್ ಅಂಥ ಹಲವು ಪ್ರಕರಣಗಳನ್ನು ರದ್ದುಪಡಿಸಿತು. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಜೂಜನ್ನು ಸಂಜ್ಞೇಯ ಮಾಡಲಾಯಿತು. ಮ್ಯಾಜಿಸ್ಟ್ರೇಟರ ಆ ಪರಿಶೀಲನೆಯ ಅಗತ್ಯವೇ ತಪ್ಪಿತು. ಅದೇ ತಿದ್ದುಪಡಿಯ ಆನ್‌ಲೈನ್ ಆಟಗಳ ಭಾಗ 2022ರ ಫೆಬ್ರವರಿಯಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದಾಗ ಪತ್ರಿಕೆಗಳಲ್ಲಿ ಸಾಲುಸಾಲು ಲೇಖನಗಳು ಬಂದವು. ಇಸ್ಪೀಟಿನ ಸಾಲು ಕಾಲಂ ಬದಲಿಸಿದ್ದರ ಬಗ್ಗೆ ಒಂದನ್ನೂ ನಾನು ಓದಿಲ್ಲ.