ಪ್ರಮೇಹದ ಪೂರ್ವರೂಪದಲ್ಲಿ ಸುಪ್ತತೆ ಮತ್ತು ದಾಹ

ಚರಕಸಂಹಿತೆಯ ನಿದಾನಸ್ಥಾನವು ಪ್ರಮೇಹದ ಪೂರ್ವರೂಪಗಳನ್ನು ಎಣಿಸುವಲ್ಲಿ ಕೂದಲು ಜಡೆಗಟ್ಟುವುದು, ಬಾಯಿ ಸಿಹಿಯಾಗುವುದು ಇವುಗಳೊಡನೆ ಕೈಕಾಲುಗಳ ಸುಪ್ತತೆ, ದಾಹಗಳನ್ನೂ ಹೇಳುತ್ತದೆ. ಸುಶ್ರುತನಲ್ಲಿಯೂ ಅಂಗೈ ಅಂಗಾಲುಗಳ ಉರಿ ಪೂರ್ವರೂಪವೇ. ಯುರೋಪಿನಲ್ಲಾದರೋ ನರವಿಕಾರವೇ ಮಧುಮೇಹಕ್ಕೆ ಕಾರಣವೆಂಬ ಮತವು ಬಹುಕಾಲ ಪ್ರಬಲವಾಗಿದ್ದು, ಮಧುಮೇಹದಿಂದಲೇ ನರಗಳು ಕೆಡುತ್ತವೆಂದು ಮಾರ್ಷಲ್ ದ ಕಾಲ್ವಿ ಪ್ರತಿಪಾದಿಸಿದ್ದು 1864ರಲ್ಲಿ. ಇದರಿಂದ ಪ್ರಾಚೀನರಿಗೆ ಇಂದಿನ ನರಶಾಸ್ತ್ರ ತಿಳಿದಿತ್ತೆಂದು ಹಿಗ್ಗುವುದು ಸಲ್ಲದು. ಅವರು ರೋಗಿಯ ಪಾದವನ್ನು ಚೆನ್ನಾಗಿ ನೋಡಿದ್ದರು, ಅಷ್ಟೆ. ರೋಗವು ಪತ್ತೆಯಾಗುವ ವೇಳೆಗೇ ಕೆಲವರಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿರುತ್ತದೆಂಬುದು ಇಂದು ವಿದಿತವಾಗಿದೆ.

ಚರಕನ ಪ್ರಮೇಹಚಿಕಿತ್ಸೆಯ ಕಷಾಯಗಳಲ್ಲಿ ಜೇನು ಸೇರುತ್ತದೆ. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಉಗ್ರಾದಿತ್ಯಾಚಾರ್ಯನ ಕಲ್ಯಾಣಕಾರಕವು 1940ರಲ್ಲಿ ಸೊಲ್ಲಾಪುರದಿಂದ ಮುದ್ರಿತವಾಗಿದೆ. ಈ ಎರಡು ಗ್ರಂಥಗಳ ಪ್ರಮೇಹಯೋಗಗಳನ್ನು ಹೋಲಿಸಿ ನೋಡುವುದು ಪಾಠಸಂಶೋಧಕರಿಗೆ ಯೋಗ್ಯವಾದ ಕಾರ್ಯ.

ಇನ್ನು ಪರಿಹಾರದ ಮಾತು. ಇನ್ಸುಲಿನ್ ಅವಲಂಬಿತ ರೋಗಿಗಳಲ್ಲಿ ರಕ್ತದ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿರಿಸಿದರೆ ನರಹಾನಿಯು ಸುಮಾರು ಶೇಕಡಾ 60ರಷ್ಟು ತಗ್ಗುವುದೆಂದು 1993ರಲ್ಲಿ ಪ್ರಕಟವಾದ ಅಮೆರಿಕದ ದೀರ್ಘ ಪರೀಕ್ಷೆಯೊಂದು ತೋರಿಸಿತು. ಪ್ರೆಗಾಬಾಲಿನ್, ಡ್ಯುಲಾಕ್ಸೆಟಿನ್ ಮುಂತಾದ ಔಷಧಗಳು ಉರಿಯನ್ನು ಶಮನಗೊಳಿಸುತ್ತವೆಯೇ ಹೊರತು ಕೆಟ್ಟ ನರವನ್ನು ಮರಳಿ ಕೊಡಲಾರವು. ದಾಹಕ್ಕಿಂತಲೂ ಸುಪ್ತತೆಯೇ ಹೆಚ್ಚು ಅಪಾಯಕಾರಿ: ಮುಳ್ಳು ಚುಚ್ಚಿದರೂ ನೋವಿಲ್ಲ, ವ್ರಣವಾದರೂ ಅರಿವಿಲ್ಲ. ಬರಿಗಾಲಿನ ವಿಹಾರವೇ ನಿಯಮವಾಗಿರುವ ತ್ಯಾಗಿಗಳಲ್ಲಿ ಈ ವ್ಯಾಧಿಯಿದ್ದರೆ, ವೈಯಾವೃತ್ತ್ಯ ಮಾಡುವ ಶ್ರಾವಕರು ಪ್ರತಿದಿನವೂ ಹಗಲಿನ ಬೆಳಕಿನಲ್ಲಿಯೇ ಅವರ ಅಂಗಾಲುಗಳನ್ನೂ ಬೆರಳಸಂದುಗಳನ್ನೂ ಪರೀಕ್ಷಿಸಿ, ಸಣ್ಣ ಗಾಯ ಕಂಡರೂ ವೈದ್ಯರಿಗೆ ತಿಳಿಸತಕ್ಕದ್ದು.