ಮಾಳಿಗೆಮನೆಯೂ ಬಯಲು ವಸ್ತುಸಂಗ್ರಹಾಲಯಗಳೂ

ಕೌಟಿಲ್ಯನು ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ವಾಸ್ತುವನ್ನು ನಿರೂಪಿಸುವಾಗ ಮನೆಯೊಂದನ್ನೇ ಹೇಳದೆ ಹೊಲ, ತೋಟ, ಕಟ್ಟೆ, ಕೆರೆಗಳನ್ನೂ ಅದರಲ್ಲಿಯೇ ಸೇರಿಸಿರುವನು. ಹಳೆಯ ಮನೆಗಳನ್ನು ಬಿಚ್ಚಿ ತಂದು ಬೇರೊಂದು ಬಯಲಿನಲ್ಲಿ ನಿಲ್ಲಿಸುವ ಪದ್ಧತಿಯನ್ನು ವಿಚಾರಿಸುವವರು ಈ ಲಕ್ಷಣವನ್ನು ಮರೆಯತಕ್ಕುದಲ್ಲ.

ಈ ಪದ್ಧತಿಗೆ ಪ್ರಸಿದ್ಧಿಯನ್ನು ತಂದುದು ಸ್ವೀಡನ್ ದೇಶದ ಆರ್ಟುರ್ ಹಸೇಲಿಯುಸನು 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ತೆರೆದ ಸ್ಕಾನ್ಸೆನ್. ಅಲ್ಲಿಯ ರೈತನ ಮನೆಯು ಮರದ ದಿಮ್ಮಿಗಳ ಜೋಡಣೆಯಾದುದರಿಂದ ಬಿಚ್ಚುವುದೂ ಕೂಡಿಸುವುದೂ ಸಾಧ್ಯವಾಯಿತು. ಕನ್ನಡನಾಡಿನಲ್ಲಿ ವಿಜಯನಾಥ ಶೆಣೈಯವರು (1934–2017) ಮಣಿಪಾಲದ ಹಸ್ತಶಿಲ್ಪ ಗ್ರಾಮದಲ್ಲಿ ಇದನ್ನೇ ಮಾಡಿದರು. ಕರಾವಳಿಯ ಮನೆಗಳೊಡನೆ ಮುಧೋಳದ ದರ್ಬಾರು ಮಂಟಪವೂ ಕುಕನೂರಿನ ಕಮಲಮಹಲೂ ಅಲ್ಲಿ ನಿಂತಿರುವುವು. ಕುಕನೂರು 1997ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದ ಊರು. ಆದರೆ ಅಲ್ಲಿಂದ ಬಂದುದು ಮಹಲು, ಒಕ್ಕಲಿನ ಮನೆಯಲ್ಲ. ಚೆನ್ನೈಯ ಬಳಿಯ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯಿರುವುದು ಕೊಂಚ ಸಮಾಧಾನಕರ.

ದೇವದುರ್ಗದ ಸೀಮೆಯ ಮಸರಕಲ್ ಮೊದಲಾದ ಊರುಗಳ ಕಡೆಯ ಹಳೆಯ ಮಾಳಿಗೆಮನೆಯನ್ನು ನೋಡಿದರೆ ಇದರ ಕಾರಣವು ತಿಳಿಯುವುದು. ಕಲ್ಲುಮಣ್ಣಿನ ದಪ್ಪ ಗೋಡೆ. ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಕಟ್ಟಿಗೆ ಸೊಪ್ಪುಗಳ ಹಾಸು, ಎಲ್ಲಕ್ಕೂ ಮೇಲೆ ನೀರಿಳಿಯದಂತೆ ಬಡಿದ ಕರಲು ಮಣ್ಣು. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಬಾಗಿಲನ್ನು ದಾಟಿದೊಡನೆ ತಗ್ಗಿನಲ್ಲಿ ದನಗಳ ಗೋದಲಿ. ಮೆಟ್ಟಿಲೇರಿದರೆ ಮನುಷ್ಯರ ಪಡಸಾಲೆ. ಜೋಳವನ್ನು ತುಂಬುವ ಹಗೇವು ನೆಲದೊಳಗೆ. ಎತ್ತು, ಕಾಳು, ಮಕ್ಕಳು ಒಂದೇ ಸೂರಿನ ಕೆಳಗೆ! ಇದನ್ನು ಅನಾಗರಿಕವೆಂದು ಹಳಿಯುವವರು ಬರಗಾಲದ ನಾಡಿನಲ್ಲಿ ಎತ್ತಿನ ಬೆಲೆಯನ್ನು ಅರಿಯದವರು.

ಈ ಮನೆಯನ್ನು ಬಿಚ್ಚಿದರೆ ಕೈಗೆ ಬರುವುದು ತೊಲೆ, ಕಂಬ, ಬಾಗಿಲು. ಗೋಡೆಯು ಮಣ್ಣಿನ ರಾಶಿ. ಹಗೇವನ್ನು ಒಯ್ಯುವ ಬಗೆಯಂತೂ ಇಲ್ಲ. ಮೇಲಾಗಿ ರಾಯಚೂರಿನ ವರ್ಷದ ಮಳೆ ಸುಮಾರು 600–700 ಮಿಲಿಮೀಟರು, ಉಡುಪಿಯದು 4000ದಷ್ಟು. ಅಲ್ಲಿ ಮಣ್ಣಿನ ಮಾಳಿಗೆಯು ಒಂದು ಮುಂಗಾರನ್ನೂ ಕಳೆಯಲಾರದು. ಇನ್ನೊಂದು ತೊಡಕುಂಟು: ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣನ್ನು ಹಾಕುತ್ತಿದ್ದುದರಿಂದ, ನೂರು ವರ್ಷದ ಮನೆಯಲ್ಲಿಯೂ ನೂರು ವರ್ಷದ ಮೇಲ್ಮಣ್ಣು ಇರದು. ಅದರ ಪ್ರಾಚೀನತೆಯು ದ್ರವ್ಯದಲ್ಲಿಲ್ಲ, ಕ್ರಿಯೆಯ ಪರಂಪರೆಯಲ್ಲಿದೆ.

ಹೀಗಾಗಿ ಇಂಥ ಸಂಗ್ರಹಗಳಲ್ಲಿ ಮರವು ಉಳಿದು ಮಣ್ಣು ಬಿಟ್ಟುಹೋಗುವುದು. ಮರಗೆಲಸಕ್ಕೆ ಧನವಿದ್ದ ಮನೆತನಗಳ ಚರಿತ್ರೆಯೇ ನಾಡಿನ ಚರಿತ್ರೆಯೆಂಬ ಭ್ರಾಂತಿಗೆ ಎಡೆಯಾಗುವುದು. ಶೆಣೈಯವರ ಶ್ರಮಕ್ಕೆ ಇದು ದೂಷಣೆಯಲ್ಲ. ಅವರು ಉಳಿಸಿದಷ್ಟನ್ನೂ ಬೇರೆಯವರು ಉಳಿಸಲಿಲ್ಲ. ರಾಯಚೂರಿನ ಪ್ರಾಚೀನತೆಯೆಂದರೆ 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕಶಾಸನವನ್ನು ಎಲ್ಲರೂ ಹೇಳುವರು. ಕಲ್ಲು ತನ್ನನ್ನು ತಾನೇ ಕಾದುಕೊಂಡಿತು. ಮಣ್ಣಿನ ಮನೆಗಾದರೋ ಅಳತೆಯ ನಕ್ಷೆ ಬೇಕು. ಯಾವ ಹಳ್ಳದ ಮಣ್ಣು, ಯಾವ ಮರದ ಜಂತಿ, ಯಾವ ಭಾಗಕ್ಕೆ ಯಾವ ಹೆಸರು ಎಂಬ ಬರಹ ಬೇಕು. ಸಿಮೆಂಟಿನ ಮನೆಗಳು ಎದ್ದಂತೆಲ್ಲ ಮೊದಲು ಮರೆಯಾಗುವುವು ಈ ಹೆಸರುಗಳೇ. ಅವನ್ನು ಬಲ್ಲ ಹಿರಿಯರು ಇರುವಾಗಲೇ ನಿಂತಿರುವ ಮನೆಗಳ ಮುಂದೆಯೇ ಕುಳಿತು ಬರೆದುಕೊಳ್ಳಬೇಕು.