ಚೈನ್ ಸಾ ಯಂತ್ರಕ್ಕೆ ಬದಲಿ ಬಾರ್ ಮತ್ತು ಚೈನ್ ಆಯ್ಕೆ: ಸಾರ್ವಜನಿಕರ ಮಾಹಿತಿಗಾಗಿ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳು ರಾಜ್ಯದಲ್ಲಿ ವರ್ಜೀನಿಯಾ ತಂಬಾಕು ಬೆಳೆಯುವ ಮುಖ್ಯ ಪ್ರದೇಶವಾಗಿವೆ. ಕಟಾವಾದ ಹಸಿ ಸೊಪ್ಪನ್ನು ಬ್ಯಾರನ್‌ಗಳಲ್ಲಿ ಹದಗೊಳಿಸಲು ಹೆಚ್ಚಿನ ರೈತರು ಸೌದೆಯನ್ನೇ ಅವಲಂಬಿಸಿದ್ದಾರೆ. ಒಂದು ಕಿಲೋ ಹದಗೊಂಡ ಸೊಪ್ಪಿಗೆ ಸುಮಾರು 4ರಿಂದ 5 ಕಿಲೋ ಸೌದೆ ಬೇಕಾಗುತ್ತದೆ. ಈ ಸೌದೆಯನ್ನು ಕತ್ತರಿಸುವ ಕೆಲಸವು ಹಿಂದೆ ಕೊಡಲಿ ಮತ್ತು ಕೈಗರಗಸದಿಂದ ನಡೆಯುತ್ತಿದ್ದು, ಇಂದು ಬಹುಪಾಲು ಪೆಟ್ರೋಲ್ ಚಾಲಿತ ಚೈನ್ ಸಾ ಯಂತ್ರದಿಂದಲೇ ನಡೆಯುತ್ತಿದೆ.

ಬ್ಯಾರನ್‌ಗೆ ಸೊಪ್ಪು ಏರಿಸಿದ ನಂತರ 5ರಿಂದ 7 ದಿನಗಳ ಕಾಲ ಒಲೆ ಆರುವಂತಿಲ್ಲ. ಈ ಅವಧಿಯಲ್ಲಿ ಚೈನ್ ತುಂಡಾದರೆ ಅಥವಾ ಬಾರ್ ಸವೆದು ಯಂತ್ರ ನಿಂತರೆ ರೈತರು ಪಟ್ಟಣಕ್ಕೆ ಧಾವಿಸಿ, ಅಂಗಡಿಯಲ್ಲಿ ಕೈಗೆ ಸಿಕ್ಕಿದ ಚೈನ್ ತರುವುದು ಸಾಮಾನ್ಯವಾಗಿದೆ. "18 ಇಂಚಿನ ಚೈನ್ ಕೊಡಿ" ಎಂದು ಕೇಳಿ ತಂದ ಚೈನ್ ಯಂತ್ರಕ್ಕೆ ಹೊಂದದೆ ಹೋಗುವ ಸಂಭವ ಹೆಚ್ಚು. ಹೊಂದದ ಚೈನನ್ನು ಬಲವಂತವಾಗಿ ಕೂರಿಸಿ ಓಡಿಸಿದಲ್ಲಿ ಅದು ಬಾರ್‌ನಿಂದ ಕಳಚಿ ಬಂದು ಕೈಕಾಲುಗಳಿಗೆ ಗಂಭೀರ ಗಾಯವಾಗಬಹುದು. ಆದ್ದರಿಂದ ಬದಲಿ ಬಿಡಿಭಾಗ ಖರೀದಿಸುವ ಮುನ್ನ ತಿಳಿದಿರಬೇಕಾದ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಇಂಚಿನ ಅಳತೆಯೊಂದೇ ಸಾಲದು

ಚೈನ್ ಆಯ್ಕೆಗೆ ಮೂರು ಸಂಖ್ಯೆಗಳು ಅಗತ್ಯ. ಅವು ಪಿಚ್, ಗೇಜ್ ಹಾಗೂ ಡ್ರೈವ್ ಲಿಂಕ್‌ಗಳ ಎಣಿಕೆ. ಬಾರ್‌ನ ಉದ್ದವು ಇವುಗಳ ನಂತರದ್ದು.

ಪಿಚ್ ಎಂದರೆ ಚೈನಿನ ಕೊಂಡಿಗಳ ನಡುವಿನ ಅಂತರ. ಒಂದರ ಪಕ್ಕ ಒಂದಿರುವ ಮೂರು ರಿವೆಟ್‌ಗಳನ್ನು ಗುರುತಿಸಿ, ಮೊದಲನೆಯದರ ಮಧ್ಯದಿಂದ ಮೂರನೆಯದರ ಮಧ್ಯದವರೆಗೆ ಅಳೆದು, ಬಂದ ಅಳತೆಯನ್ನು ಎರಡರಿಂದ ಭಾಗಿಸಿದರೆ ಪಿಚ್ ದೊರೆಯುತ್ತದೆ. ಭಾಗಿಸುವ ಮೊದಲಿನ ಅಳತೆಯು ಸುಮಾರು 16.5 ಮಿಲಿಮೀಟರ್ ಇದ್ದಲ್ಲಿ ಅದು 0.325 ಇಂಚಿನ ಪಿಚ್. 19 ಮಿಲಿಮೀಟರ್ ಇದ್ದಲ್ಲಿ 3/8 ಇಂಚಿನ ಪಿಚ್. ಮಕ್ಕಳ ಶಾಲಾ ಸ್ಕೇಲಿನಿಂದಲೂ ಈ ವ್ಯತ್ಯಾಸ ತಿಳಿಯುತ್ತದೆ. ದೊಡ್ಡ ಮರ ಉರುಳಿಸುವ ಭಾರಿ ಯಂತ್ರಗಳಲ್ಲಿ 0.404 ಇಂಚಿನ ಪಿಚ್ ಇರುತ್ತದೆ. ಸೌದೆ ಕೆಲಸಕ್ಕೆ ಅದರ ಅವಶ್ಯಕತೆ ಬೀಳುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸತಕ್ಕದ್ದು. 3/8 ಇಂಚಿನ ಪಿಚ್‌ನಲ್ಲಿ ಎರಡು ವಿಧಗಳಿವೆ. ಸಣ್ಣ ಯಂತ್ರಗಳಿಗೆ ಬರುವ ಲೋ ಪ್ರೊಫೈಲ್ ಚೈನ್ ಗಿಡ್ಡ ಹಲ್ಲಿನದು. ದೊಡ್ಡ ಯಂತ್ರಗಳಿಗೆ ಬರುವ ಸಾಮಾನ್ಯ 3/8 ಚೈನ್ ಎತ್ತರದ ಹಲ್ಲಿನದು. ಕಾಗದದ ಮೇಲೆ ಎರಡೂ ಒಂದೇ ಸಂಖ್ಯೆಯಾಗಿ ಕಂಡರೂ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವಂತಿಲ್ಲ. ಸದರಿ ವ್ಯತ್ಯಾಸವನ್ನು ಅಂಗಡಿಯವರು ತಾವಾಗಿ ಹೇಳುವರೆಂದು ನಿರೀಕ್ಷಿಸದೆ ಕೇಳಿ ತಿಳಿಯುವುದು ಸೂಕ್ತ.

ಗೇಜ್ ಎಂದರೆ ಬಾರ್‌ನ ಅಂಚಿನ ಸೀಳಿನೊಳಗೆ ಓಡುವ ಒಳಹಲ್ಲಿನ, ಅಂದರೆ ಡ್ರೈವ್ ಲಿಂಕ್‌ನ, ದಪ್ಪ. ಸಾಮಾನ್ಯವಾಗಿ ಇದು 1.1, 1.3, 1.5 ಅಥವಾ 1.6 ಮಿಲಿಮೀಟರ್ ಇರುತ್ತದೆ. ಇಂಚಿನಲ್ಲಿ ಇವು ಕ್ರಮವಾಗಿ 0.043, 0.050, 0.058 ಮತ್ತು 0.063. ದಪ್ಪ ಚೈನ್ ತೆಳು ಸೀಳಿಗೆ ಇಳಿಯುವುದೇ ಇಲ್ಲವಾದ್ದರಿಂದ ಆ ತಪ್ಪು ತಕ್ಷಣ ತಿಳಿಯುತ್ತದೆ. ಆದರೆ 1.3ರ ಚೈನ್ 1.5ರ ಬಾರ್‌ನಲ್ಲಿ ಸಲೀಸಾಗಿ ಕೂರುತ್ತದೆ, ಓಡುತ್ತದೆ, ಕತ್ತರಿಸಲೂ ತೊಡಗುತ್ತದೆ. ಕೆಲವು ದಿಮ್ಮಿಗಳ ನಂತರ ಚೈನ್ ಪಕ್ಕಕ್ಕೆ ವಾಲಿ, ಕೊಯ್ತ ಸೊಟ್ಟಗಾಗಿ, ಕೊನೆಗೆ ಕಳಚುತ್ತದೆ. ಅಪಾಯಕಾರಿಯಾದುದು ಈ ಎರಡನೆಯ ತಪ್ಪು.

ಡ್ರೈವ್ ಲಿಂಕ್‌ಗಳನ್ನು ಎಣಿಸುವುದು ಬೇಸರದ ಕೆಲಸವಾದರೂ ತಪ್ಪಿಸುವಂತಿಲ್ಲ. ಉದಾಹರಣೆಗೆ 16 ಇಂಚಿನ ಬಾರ್‌ಗೆ 3/8 ಲೋ ಪ್ರೊಫೈಲ್ ಚೈನ್ ಒಂದು ತಯಾರಿಕೆಯ ಯಂತ್ರದಲ್ಲಿ 55 ಲಿಂಕ್‌ಗಳದ್ದಾದರೆ ಮತ್ತೊಂದರಲ್ಲಿ 56 ಲಿಂಕ್‌ಗಳದ್ದು. ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ದೊರೆಯುವ 58 ಸಿಸಿ ಯಂತ್ರಗಳಲ್ಲಿ 0.325 ಪಿಚ್, 1.5 ಮಿಲಿಮೀಟರ್ ಗೇಜ್ ಸಾಮಾನ್ಯವಾಗಿದ್ದು, 18 ಇಂಚಿನ ಬಾರ್‌ಗೆ 72 ಮತ್ತು 20 ಇಂಚಿನ ಬಾರ್‌ಗೆ 76 ಲಿಂಕ್‌ಗಳು ಬೇಕಾಗುತ್ತವೆ. ಹಳೆಯ ಚೈನನ್ನು ನೆಲದ ಮೇಲೆ ಹರಡಿ, ಒಂದು ಲಿಂಕ್‌ಗೆ ಸುಣ್ಣದ ಗುರುತು ಹಾಕಿ ಎಣಿಸಿದರೆ ಲೆಕ್ಕ ತಪ್ಪುವುದಿಲ್ಲ.

ಈ ಮೂರೂ ಸಂಖ್ಯೆಗಳು ಬಹುತೇಕ ಬಾರ್‌ಗಳ ಹಿಂಬದಿಯಲ್ಲಿ, ಯಂತ್ರಕ್ಕೆ ಸೇರುವ ಭಾಗದ ಬಳಿ, ಅಚ್ಚೊತ್ತಲ್ಪಟ್ಟಿರುತ್ತವೆ. ಎಣ್ಣೆ ಮತ್ತು ಪುಡಿ ಒರೆಸಿದರೆ ಓದಲು ಬರುತ್ತವೆ. ಚೈನಿನ ಒಳಹಲ್ಲಿನ ಮೇಲೂ ತಯಾರಕರ ಗುರುತು ಇರುತ್ತದೆ. ಯಾವ ಗುರುತೂ ಇಲ್ಲದ ಚೈನನ್ನು ಬೆಲೆ ಎಷ್ಟೇ ಕಡಿಮೆ ಇದ್ದರೂ ಖರೀದಿಸದಿರುವುದು ಒಳ್ಳೆಯದು. ಪಟ್ಟಣಕ್ಕೆ ಹೊರಡುವಾಗ ಹಳೆಯ ಬಾರ್ ಮತ್ತು ಚೈನ್ ಎರಡನ್ನೂ ಚೀಲದಲ್ಲಿ ಕೊಂಡೊಯ್ಯುವುದು ಎಲ್ಲಕ್ಕಿಂತ ಸುಲಭದ ಮಾರ್ಗ. ಪಡೆಯುವ ರಸೀದಿಯಲ್ಲಿ ಈ ಮೂರು ಸಂಖ್ಯೆಗಳನ್ನು ಬರೆಸಿಕೊಂಡಲ್ಲಿ ಮುಂದಿನ ಬಾರಿಗೂ ಅನುಕೂಲ.

ಕೆಲವು ಅಂಗಡಿಗಳಲ್ಲಿ ಉದ್ದನೆಯ ಸುರುಳಿಯಿಂದ ಚೈನ್ ಕತ್ತರಿಸಿ ಜೋಡಿಸಿ ಕೊಡಲಾಗುತ್ತದೆ. ಇದು ಅಗ್ಗ, ತಪ್ಪೂ ಅಲ್ಲ. ಆದರೆ ಜೋಡಣೆಯ ರಿವೆಟ್‌ಗಳನ್ನು ಅದಕ್ಕೆಂದೇ ಇರುವ ಉಪಕರಣದಿಂದ ಕೂರಿಸಿರಬೇಕು. ಸುತ್ತಿಗೆಯಿಂದ ಬಡಿದು ಸೇರಿಸಿದ ಕೊಂಡಿ ಗಟ್ಟಿಯಾಗಿ ಬಾಗದೆ ನಿಲ್ಲುತ್ತದೆ, ಇಲ್ಲವೇ ಓಡುವಾಗ ಬಿಚ್ಚಿಕೊಳ್ಳುತ್ತದೆ. ಜೋಡಿಸಿದ ಕೊಂಡಿಯನ್ನು ಬೆರಳಿನಿಂದ ಆಡಿಸಿ, ಉಳಿದವುಗಳಷ್ಟೇ ಸಡಿಲವಾಗಿ ಬಾಗುವುದನ್ನು ಖಚಿತಪಡಿಸಿಕೊಳ್ಳಬೇಕು.

ಯಾವ ಹಲ್ಲು, ಎಷ್ಟು ಉದ್ದ

ಚೌಕ ಮೂಲೆಯ ಹಲ್ಲಿನ ಫುಲ್ ಚಿಸೆಲ್ ಚೈನ್ ಹಸಿಯಾದ, ಸ್ವಚ್ಛವಾದ ಮರವನ್ನು ವೇಗವಾಗಿ ಕೊಯ್ಯುತ್ತದೆ. ಮೂಲೆ ದುಂಡಗಿರುವ ಸೆಮಿ ಚಿಸೆಲ್ ಚೈನ್ ನಿಧಾನವಾದರೂ ಬೇಗ ಮೊಂಡಾಗುವುದಿಲ್ಲ. ಈ ತಾಲ್ಲೂಕುಗಳಲ್ಲಿ ಸೌದೆ ಎಂದರೆ ಹೆಚ್ಚಾಗಿ ಬೇಸಿಗೆಯಲ್ಲಿ ಒಣಗಿದ ನೀಲಗಿರಿ, ಜಾಲಿ, ಹುಣಸೆ ಮತ್ತು ಮಾವಿನ ಕೊಂಬೆಗಳು. ನೆಲದ ಮೇಲೆ ರಾಶಿ ಬಿದ್ದು ತೊಗಟೆಯಲ್ಲಿ ಕೆಂಪು ಮಣ್ಣು ಸೇರಿರುವಂಥವು. ಇಂತಹ ಸೌದೆಗೆ ಸೆಮಿ ಚಿಸೆಲ್ ಚೈನೇ ತಕ್ಕುದು. ಕೃಷ್ಣರಾಜನಗರದ ನಾಲಾ ಬಯಲಿನಲ್ಲಿ ಕಡಿಯುವ ಹಳೆಯ ತೆಂಗಿನ ಮರಗಳ ಹೊರಪದರವೂ ಗಡುಸಾಗಿದ್ದು, ಹಲ್ಲನ್ನು ಬೇಗ ಮೊಂಡಾಗಿಸುತ್ತದೆ. ಬೇಲಿಯ ಮರಗಳಲ್ಲಿ ಹಳೆಯ ಮುಳ್ಳುತಂತಿ ಮತ್ತು ಮೊಳೆ ಹುದುಗಿರುವುದುಂಟು. ಅವು ತಗುಲಿದರೆ ಯಾವ ಚೈನೂ ಉಳಿಯದು.

ಉದ್ದವಾದ ಬಾರ್ ಇದ್ದಷ್ಟೂ ಒಳ್ಳೆಯದೆಂಬ ಭಾವನೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ಸೌದೆಗೆ ಬರುವ ನೀಲಗಿರಿ ಬಹುಪಾಲು ಒಂದು ಅಡಿಗಿಂತ ಕಡಿಮೆ ದಪ್ಪದ್ದಾಗಿರುವುದರಿಂದ 16 ಇಂಚಿನ ಬಾರ್ ಧಾರಾಳವಾಗಿ ಸಾಕು. 40 ಸಿಸಿ ಒಳಗಿನ ಯಂತ್ರಕ್ಕೆ 20 ಇಂಚಿನ ಬಾರ್ ಹಾಕಿದಲ್ಲಿ ಎಂಜಿನ್ ಮತ್ತು ಕ್ಲಚ್ ಬಿಸಿಯಾಗುತ್ತವೆ, ಬಾರ್‌ನ ತುದಿಯವರೆಗೆ ಎಣ್ಣೆ ತಲುಪುವುದಿಲ್ಲ. ಅಲ್ಲದೆ ಓಡುತ್ತಿರುವ ಬಾರ್‌ನ ಮೂತಿಯ ಮೇಲ್ಭಾಗ ಮರಕ್ಕೆ ತಗುಲಿದಾಗ ಯಂತ್ರವು ಕೆಲಸಗಾರನ ಮುಖದ ಕಡೆಗೆ ಚಿಮ್ಮುತ್ತದೆ. ಬಾರ್ ಉದ್ದವಾದಷ್ಟೂ ಸೌದೆ ರಾಶಿಯ ನಡುವೆ ಅದರ ಮೂತಿ ಎಲ್ಲಿದೆ ಎಂಬುದು ಕಾಣುವುದಿಲ್ಲ. ಈ ಚಿಮ್ಮುವಿಕೆಯನ್ನು ಕಡಿಮೆ ಮಾಡುವ ಚೈನ್‌ಗಳು ದೊರೆಯುತ್ತಿದ್ದು, ಹೊಸಬರಿಗೆ ಅವೇ ಸೂಕ್ತ. ಚೈನ್ ಬ್ರೇಕ್ ಕೆಟ್ಟಿರುವ ಯಂತ್ರಕ್ಕೆ ಮೊದಲು ಬ್ರೇಕ್ ಸರಿಪಡಿಸಿ, ನಂತರ ಹೊಸ ಚೈನ್ ಹಾಕಬೇಕು.

ಬಾರ್ ಖರೀದಿಸುವಾಗ ಅದರ ಹಿಂಬದಿಯ ಸೀಳು, ಎಣ್ಣೆಯ ರಂಧ್ರ ಮತ್ತು ಬಿಗಿ ಮಾಡುವ ಪಿನ್ನಿನ ರಂಧ್ರ ಹಳೆಯದಕ್ಕೆ ಸರಿಯಾಗಿ ಹೊಂದುತ್ತವೆಯೇ ಎಂದು ಒಂದರ ಮೇಲೊಂದು ಇಟ್ಟು ನೋಡಬೇಕು. ಎಣ್ಣೆಯ ರಂಧ್ರ ಕೂಡದ ಬಾರ್ ಹೊರನೋಟಕ್ಕೆ ಸರಿಯಾಗಿ ಕೂತರೂ ಒಣಗಿ ಓಡಿ ಬೇಗ ಸುಡುತ್ತದೆ.

ಬದಲಿಸುವ ಕಾಲ

ಚೈನ್ ಮೊಂಡಾದ ಮಾತ್ರಕ್ಕೆ ಬದಲಿಸಬೇಕಾಗಿಲ್ಲ. ಕೊಯ್ಯುವಾಗ ಚೂರುಗಳ ಬದಲು ನುಣ್ಣನೆಯ ಹಿಟ್ಟಿನಂಥ ಪುಡಿ ಬರತೊಡಗಿದರೆ ಹಲ್ಲುಗಳಿಗೆ ದುಂಡು ಅರ ಹಾಕಬೇಕು. 3/8 ಲೋ ಪ್ರೊಫೈಲ್‌ಗೆ 4 ಮಿಲಿಮೀಟರ್ ಹಾಗೂ 0.325 ಪಿಚ್‌ಗೆ 4.8 ಮಿಲಿಮೀಟರ್ ಅರ ಬಳಸಲಾಗುತ್ತದೆ. ಹಲ್ಲಿನ ಮೇಲ್ಭಾಗದ ಉದ್ದ 4 ಮಿಲಿಮೀಟರ್‌ಗೆ ಇಳಿದಾಗ, ಬಿರುಕು ಕಂಡಾಗ, ಅಥವಾ ಎಷ್ಟು ಬಿಗಿ ಮಾಡಿದರೂ ಸಡಿಲವಾಗುತ್ತಿದ್ದಾಗ ಚೈನನ್ನು ತೆಗೆದುಹಾಕಬೇಕು.

ಬಾರ್‌ನ ಸವೆತವನ್ನು ತಿಳಿಯಲು ಒಂದು ನೇರ ಪಟ್ಟಿಯನ್ನು ಚೈನಿನ ಹಲ್ಲಿಗೂ ಬಾರ್‌ನ ಮೈಗೂ ತಾಗುವಂತೆ ಹಿಡಿಯಬೇಕು. ಪಟ್ಟಿಗೂ ಬಾರ್‌ಗೂ ನಡುವೆ ಸಂದು ಇದ್ದರೆ ಬಾರ್ ಸುಸ್ಥಿತಿಯಲ್ಲಿದೆ. ಚೈನ್ ವಾಲಿ ಸಂದು ಮುಚ್ಚಿದರೆ ಸೀಳು ಅಗಲವಾಗಿದೆಯೆಂದು ಅರ್ಥ. ಪ್ರತಿ ಬಾರಿ ಚೈನ್ ಬದಲಿಸುವಾಗ ಬಾರನ್ನು ತಿರುವಿ ಹಾಕುವುದರಿಂದ ಎರಡೂ ಅಂಚುಗಳು ಸಮನಾಗಿ ಸವೆದು ಬಾಳಿಕೆ ಹೆಚ್ಚುತ್ತದೆ. ಎರಡು ಚೈನ್ ಸವೆಯುವ ಹೊತ್ತಿಗೆ ಎಂಜಿನ್ ಬದಿಯ ಸ್ಪ್ರಾಕೆಟ್ ಸಹ ಸವೆದಿರುತ್ತದೆ. ಅದನ್ನು ಬದಲಿಸದೆ ಹಾಕಿದ ಹೊಸ ಚೈನ್ ಹಳೆಯದರಷ್ಟು ದಿನ ಬಾರದು, ಮತ್ತು ದೂಷಣೆ ಚೈನಿನ ಮೇಲೆ ಬರುತ್ತದೆ.

ಹೊಸ ಚೈನನ್ನು ಕೆಲವು ಗಂಟೆ ಎಣ್ಣೆಯಲ್ಲಿ ನೆನೆಸಿ, ಕೆಲ ನಿಮಿಷ ಭಾರವಿಲ್ಲದೆ ಓಡಿಸಿ, ಎಂಜಿನ್ ಆರಿಸಿ ತಣ್ಣಗಾದ ಮೇಲೆ ಪುನಃ ಬಿಗಿ ಮಾಡಬೇಕು. ವಾಹನಗಳಿಂದ ತೆಗೆದ ಸುಟ್ಟ ಆಯಿಲ್ ಉಚಿತವಾಗಿ ದೊರೆಯುವುದಾದರೂ ಅದರಲ್ಲಿ ಲೋಹದ ಕಣಗಳಿರುವುದರಿಂದ ಬಳಸಬಾರದು.

ಮರ ಕಡಿಯುವ ಅನುಮತಿ

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಸ್ವಂತ ಜಮೀನಿನಲ್ಲಿರುವ ಮರ ಕಡಿಯಲು ಸಹ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯವರ ಪೂರ್ವಾನುಮತಿ ಅಗತ್ಯ. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಹುಣಸೆ ಮತ್ತು ಮಾವಿನಂತಹ ಮರಗಳನ್ನು ಕಡಿಯುವ ಮುನ್ನ ತಮ್ಮ ವ್ಯಾಪ್ತಿಯ ವಲಯ ಅರಣ್ಯಾಧಿಕಾರಿಯವರ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ನಾಗರಹೊಳೆ ಮತ್ತು ಬಂಡೀಪುರ ಅರಣ್ಯಗಳಿಗೆ ಹೊಂದಿಕೊಂಡ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಹಾಗೂ ಈಗ ಪ್ರತ್ಯೇಕ ತಾಲ್ಲೂಕಾಗಿರುವ ಸರಗೂರಿನ ಗ್ರಾಮಗಳ ನಿವಾಸಿಗಳು ಅರಣ್ಯದೊಳಗೆ ಮರ ಕಡಿದಲ್ಲಿ ಅದು ಅಪರಾಧವಾಗಿದ್ದು, ಬಳಸಿದ ಯಂತ್ರ ಮತ್ತು ಸಾಗಿಸಿದ ವಾಹನ ಎರಡನ್ನೂ ವಶಪಡಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಅನುಮತಿ ಕೋರುವ ಅರ್ಜಿಯಲ್ಲಿ ಸರ್ವೆ ನಂಬರ್, ಮರಗಳ ಜಾತಿ ಮತ್ತು ಸಂಖ್ಯೆ ನಮೂದಿಸಿ, ಪಹಣಿ ಪ್ರತಿಯನ್ನು ಲಗತ್ತಿಸಬೇಕು.